ಹದಿನೈದು ವರ್ಷದ ಒಲೆ

ಹೊರಗಿನದು ತಿನ್ನುವುದಿಲ್ಲ ಎಂದು ಅಮ್ಮ ತಾನಾಗಿ ಎಂದಾದರೂ ಹೇಳಿದ್ದಳೇ? ಅಥವಾ ಅಪ್ಪ ಹೇಳುತ್ತಿದ್ದುದನ್ನೇ ಕೇಳಿ ಕೇಳಿ ಅದು ಅವಳ ಮಾತೆಂದು ತಾನು ನಂಬಿಬಿಟ್ಟಿದ್ದನೇ? ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಪೆನ್ನು ಹಿಡಿದು ಕೂತಿದ್ದ ಸುಘೋಷನಿಗೆ ಈ ಅನುಮಾನ ಬಂದದ್ದು ತೀರ ತಡವಾಗಿ. ಪಕ್ಕದ ಕುರ್ಚಿಯಲ್ಲಿ ಅಮ್ಮ ರಮಾಬಾಯಿ ಆಗಲೇ ಸಹಿ ಹಾಕಿ, ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದಳು. ಮಾಂಬಲದ ಫ್ಲ್ಯಾಟು ಅವಳ ಹೆಸರಿನಲ್ಲಿತ್ತು. ಅದನ್ನು ಅಡವಿಟ್ಟೇ ಸಾಲ.

ಬರೀ ವ್ಯಾನಿಗಾದರೆ ಏಳು ವರ್ಷದ ವಾಹನ ಸಾಲ ಸಾಕಾಗುತ್ತಿತ್ತು. ಆದರೆ ವ್ಯಾನಿನೊಳಗೆ ಹಾಸಿಗೆ, ಒಲೆ, ಸಿಂಕು, ಪುಟ್ಟದೊಂದು ಬಚ್ಚಲು ಕಟ್ಟಿಸಿ ಅದನ್ನು ಕ್ಯಾರವಾನ್ ಮಾಡುವುದಕ್ಕೆ ಆ ಸಾಲ ಸಿಗುವುದಿಲ್ಲ. ಆದ್ದರಿಂದ ಮನೆಯ ಮೇಲೆ ಹದಿನೈದು ವರ್ಷ.

"ಯಾಕೆ ಸಾರ್ ಯೋಚನೆ? ಅಮ್ಮನಿಗೋಸ್ಕರ ಮಾಡ್ತಿದ್ದೀರಿ, ಪುಣ್ಯ ಬರುತ್ತೆ," ಎಂದ ಬ್ಯಾಂಕಿನವನು ತಮಿಳಿನಲ್ಲಿ.

ಅಮ್ಮನಿಗೋಸ್ಕರ. ಈ ಮಾತನ್ನು ಮೊದಲು ಆಡಿದವನು ಸುಘೋಷನೇ. ರಸ್ತೆಯಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತುವವರ ವಿಡಿಯೋಗಳನ್ನು ಅವನು ವರ್ಷಗಟ್ಟಲೆ ಕದ್ದು ನೋಡುವಂತೆ ನೋಡಿದ್ದ. ಆಸೆ ಅವನದು. ಆದರೆ ನಲವತ್ತು ದಾಟಿದ ಗಂಡಸು ಆಟದ ಸಾಮಾನು ಬೇಕೆಂದು ಹೇಗೆ ಕೇಳುವುದು? ಅದಕ್ಕೊಂದು ಕಾರಣ ಬೇಕಿತ್ತು. ಕಾರಣ ಅಡುಗೆಮನೆಯಲ್ಲಿ ಮಡಿಸೀರೆ ಉಟ್ಟು ನಿಂತಿತ್ತು.

"ನಿಮ್ಮಮ್ಮ ಹೊರಗೆ ಒಂದು ಲೋಟ ನೀರೂ ಮುಟ್ಟಿದವಳಲ್ಲ," ಎಂದು ಅಪ್ಪ ಹರಿದಾಸರು ಬಂದವರಿಗೆಲ್ಲ ಹೇಳುತ್ತಿದ್ದರು. ಅದಕ್ಕೇ ಅವಳು ಎಲ್ಲಿಗೂ ಹೋದವಳಲ್ಲ. ಮದುವೆ ಮನೆಗಳಿಗೂ ಡಬ್ಬಿಯಲ್ಲಿ ಅವಲಕ್ಕಿ ಒಯ್ಯುತ್ತಿದ್ದಳು. ಕ್ಯಾರವಾನ್ ವಿಷಯ ತೆಗೆದಾಗ ಹರಿದಾಸರು ತೊಡೆ ತಟ್ಟಿ ನಕ್ಕಿದ್ದರು. "ಭೇಷ್ ಡಾ! ಸ್ವಾಮಿಗಳ ಹತ್ರಾನೂ ಇಂಥ ಗಾಡಿ ಇಲ್ಲ. ಕುಂಭಕೋಣ, ಶ್ರೀರಂಗ, ಮಂತ್ರಾಲಯ, ಎಲ್ಲ ಕಡೆ ಮಡೀಲೇ ಊಟ!"

ರಮಾಬಾಯಿ ಕೇಳಿದ್ದು ಒಂದೇ ಪ್ರಶ್ನೆ. "ಒಲೆ ಎಲ್ಲಿ ಬರತ್ತೋ?"

ಅದನ್ನು ಅವನು ಸಂತೋಷವೆಂದುಕೊಂಡಿದ್ದ.

ಹೆಂಡತಿ ಸಂಹಿತಾ ಮಾತ್ರ ಕಂತಿನ ಲೆಕ್ಕ ಹಾಕಿದಳು. ದೂರದ ಶೋಳಿಂಗನಲ್ಲೂರಿನ ಕೆಲಸ, ಹೊತ್ತಲ್ಲದ ಹೊತ್ತಿನ ಆಫೀಸು ಕ್ಯಾಬು ಅವಳ ಬೆನ್ನು ಮುರಿದಿದ್ದವು. ಆ ವರ್ಷ ರಾಜೀನಾಮೆ ಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಸಾಲ ಬಂದರೆ ಅದು ಆಗುವಂತಿರಲಿಲ್ಲ.

"ನಿನಗೆ ಬೇಕು ಅಂದಿದ್ರೆ, ಪೋಡಾ, ಆಗಲ್ಲ ಅಂತಿದ್ದೆ," ಎಂದಳು ಕೊನೆಗೆ. "ಅಮ್ಮಗೋಸ್ಕರ ಅಂತೀಯ. ಪಾಪ, ಅವರು ಏನು ನೋಡಿದಾರೆ? ಸರಿ, ಇನ್ನಷ್ಟು ವರ್ಷ ದುಡಿತೀನಿ ಬಿಡು."

ಸುಘೋಷ ಸಹಿ ಹಾಕಿದ.

ಮೊದಲ ಪ್ರಯಾಣ ಕುಂಭಕೋಣಕ್ಕೆ. ತಿಂಡಿವನಂ ದಾಟಿದ ಮೇಲೆ ಹುಣಸೆಮರಗಳ ನೆರಳು ಕಂಡಲ್ಲಿ ಅವನು ಗಾಡಿ ನಿಲ್ಲಿಸಿದ. ಹರಿದಾಸರು ಮರದ ಕೆಳಗೆ ಚಾಪೆ ಹಾಕಿ ಜಪಕ್ಕೆ ಕೂತರು. ಸಂಹಿತಾ ಮೇಲಿನ ಹಾಸಿಗೆಯಲ್ಲಿ ಮಲಗಿ ನಿದ್ದೆ ಹೋದಳು. ರಮಾಬಾಯಿ ತಲೆಗೆ ನೀರು ಸುರಿದುಕೊಂಡು, ಕಚ್ಚೆ ಹಾಕಿ ಮಡಿಸೀರೆ ಉಟ್ಟು ಒಲೆ ಹಚ್ಚಿದಳು. ತಗಡಿನ ಮಾಡು ಕಾದಿತ್ತು. ನೇರ ನಿಂತರೆ ತಲೆಗೆ ಕಪಾಟು ತಾಗುತ್ತಿತ್ತು, ಬಗ್ಗಿದರೆ ಆವಿ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿಯಾಚೆ ಲೋಕ ಇತ್ತು. ಅವಳ ಕೈಯಲ್ಲಿ ಸೌಟು ಇತ್ತು.

ಗಾಲಿಯ ಗಾಳಿ ನೋಡಿ ಬಂದ ಸುಘೋಷ ಒಳಗೆ ಇಣುಕಿದ. ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು. ಅಮ್ಮ ಇರಲಿಲ್ಲ.

ಹುಡುಕುತ್ತ ಅವನು ರಸ್ತೆ ಬದಿಯ ಚಹಾ ಅಂಗಡಿಯ ಹಿಂದಕ್ಕೆ ಹೋದ. ಅಲ್ಲಿ ಕಲ್ಲಿನ ಮೇಲೆ, ಒದ್ದೆ ಕೂದಲು ಇಳಿಬಿಟ್ಟುಕೊಂಡು, ಅದೇ ಮಡಿಸೀರೆಯಲ್ಲಿ, ರಮಾಬಾಯಿ ಕೂತಿದ್ದಳು. ಮಡಿಲಲ್ಲಿ ಎಣ್ಣೆ ಹೀರಿದ ಪೇಪರು. ಅದರ ಮೇಲೆ ಈರುಳ್ಳಿ ಬಜ್ಜಿ. ಮಾಂಬಲದ ಆ ಮನೆಯ ಹೊಸ್ತಿಲನ್ನು ಈರುಳ್ಳಿ ಎಂದೂ ದಾಟಿದ್ದಿಲ್ಲ.

"ಬಿಸಿ ಇದೆ, ಊದಿಕೊಂಡು ತಿನ್ನಿ ಅಮ್ಮಾ. ಓಡಿ ಹೋಗಲ್ಲ," ಎಂದಳು ಅಂಗಡಿಯವಳು ತಮಿಳಿನಲ್ಲಿ.

"ಬಿಸಿ ಇರೋದೇ ಬೇಕು ಕಣಮ್ಮಾ," ಎಂದಳು ರಮಾಬಾಯಿಯೂ ತಮಿಳಿನಲ್ಲೇ. "ಬೇರೆಯವರು ಮಾಡಿ, ಬಿಸಿಬಿಸಿ ಕೈಗೆ ಕೊಟ್ಟಿದ್ದನ್ನ ತಿಂದು ಎಷ್ಟು ಕಾಲ ಆಯ್ತು ಗೊತ್ತಾ? ಇನ್ನೊಂದು ಕೊಡು."

ಅಂಗಡಿಯವಳು ಏನೋ ಚೇಷ್ಟೆ ಮಾಡಿದಳು. ರಮಾಬಾಯಿ ಬಾಯ್ತುಂಬ ಬಜ್ಜಿ ಇಟ್ಟುಕೊಂಡೇ ನಕ್ಕಳು. ಆ ನಗು ಸುಘೋಷನಿಗೆ ಅಪರಿಚಿತವಾಗಿತ್ತು. ಅದರಲ್ಲಿ ಅವನ ತಾಯಿ ಇರಲಿಲ್ಲ, ಯಾರೋ ಹುಡುಗಿ ಇದ್ದಳು. ಅವನು ಸದ್ದಾಗದಂತೆ ಹಿಂದೆ ಸರಿದ.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಬಾಯಿ ಮುಕ್ಕಳಿಸಿ, ಮತ್ತೆ ನೀರು ಸುರಿದುಕೊಂಡು ಸಾರಿಗೆ ಒಗ್ಗರಣೆ ಹಾಕಿದಳು. ಎಲ್ಲರಿಗೂ ಬಡಿಸಿ, ತನಗೆ ಹಸಿವಿಲ್ಲವೆಂದಳು.

"ನೋಡಿದ್ಯಾ?" ಎಂದರು ಹರಿದಾಸರು ಮಗನಿಗೆ, ಹೆಮ್ಮೆಯಿಂದ. "ಸ್ವಂತ ಅಡುಗೆ ಆದ್ರೂ ಪ್ರಯಾಣದಲ್ಲಿ ಬೇಡ ಅಂತಾಳೆ. ಅದು ನೇಮ ಅಂದ್ರೆ!"

"ಅಮ್ಮಾ, ಈ ಗಾಡಿ ಇಲ್ದೇ ಇದ್ರೆ ನೀವು ಹೊರಗೇ ಬರ್ತಿರಲಿಲ್ಲ, ಅಲ್ವಾ?" ಎಂದು ಸಂಹಿತಾ ಕೇಳಿದಳು. ಕಣ್ಣಿನ ಕೆಳಗಿನ ಕಪ್ಪು ಮಲಗಿ ಎದ್ದರೂ ಹೋಗಿರಲಿಲ್ಲ. ಹೌದು ಎನ್ನುವ ಒಂದೇ ಮಾತಿಗಾಗಿ ಅವಳು ಕಾಯುತ್ತಿದ್ದಳು. ಆ ಮಾತಿಗೆ ಅವಳು ಈಗಾಗಲೇ ಬೆಲೆ ತೆತ್ತಿದ್ದಳು.

ರಮಾಬಾಯಿ ಸೊಸೆಯ ಮುಖ ನೋಡಿದಳು. "ಹೌದಮ್ಮ," ಎಂದಳು.

ಸುಘೋಷ ಅನ್ನ ಕಲಸುತ್ತ ಕೂತ. ಈಗ ಬಾಯಿಬಿಟ್ಟರೆ ಅಮ್ಮನ ನಲವತ್ತೈದು ವರ್ಷದ ಹೆಸರು ಹೋಗುತ್ತದೆ, ಅಪ್ಪನ ಹೆಮ್ಮೆ ಹೋಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಹೋಗುವುದು ಸಾಲಕ್ಕೆ ತಾನು ಕೊಟ್ಟ ಕಾರಣ ಎಂಬುದೂ ಅವನಿಗೆ ಗೊತ್ತಿತ್ತು. ಅಮ್ಮನ ಮಡಿಯನ್ನು ತೆಗೆದುಬಿಟ್ಟರೆ ಆ ಗಾಡಿಯಲ್ಲಿ ಉಳಿಯುವುದು ಅವನ ಆಸೆ, ಸಂಹಿತಾಳ ಬೆನ್ನುನೋವು ಮತ್ತು ಹದಿನೈದು ವರ್ಷ.

ಆಮೇಲೆ ಪ್ರಯಾಣ ರೂಢಿಯಾಯಿತು. ಅಪಾರ್ಟ್‌ಮೆಂಟಿನ ಕೆಳಗೆ ಎತ್ತರ ಸಾಲದೆ ಗಾಡಿಯನ್ನು ಪಲ್ಲಾವರಂನ ಒಂದು ಬಾಡಿಗೆ ಜಾಗದಲ್ಲಿ ನಿಲ್ಲಿಸುತ್ತಿದ್ದರು. ನಿಂತಲ್ಲೇ ನಿಂತರೆ ಕಂತು ದಂಡವಾಗುತ್ತದೆಂದು ರಜೆ ಬಂದಾಗಲೆಲ್ಲ ಹೊರಡುವುದು. ಹೊರಟಲ್ಲೆಲ್ಲ ಅವಳು ಬಗ್ಗಿ ನಿಂತು ಬೇಯಿಸುವುದು. ಮನೆಯ ಅಡುಗೆಮನೆಗೆ ಫ್ಯಾನಾದರೂ ಇತ್ತು. ಎಲ್ಲರೂ ದೇವಸ್ಥಾನ ನೋಡಿ, ಹೊಳೆ ನೋಡಿ ಬರುವಷ್ಟರಲ್ಲಿ ಅವಳು ಅಡುಗೆ ಮುಗಿಸಿ ಪಾತ್ರೆ ಬೆಳಗುತ್ತಿದ್ದಳು.

ಒಮ್ಮೆ ಇಂಗು ಕರಗಿಸುತ್ತ ಕೇಳಿದಳು. "ಸುಘೋಷಾ, ಈ ಸಾಲ ಎಂದಿಗೋ ತೀರೋದು?"

"ಇನ್ನೂ ಬಹಳ ಇದೆ ಅಮ್ಮ."

"ಹಾಗಾದ್ರೆ ನಾನೇ ಮೊದಲು ತೀರ್ತೀನಿ ಬಿಡು," ಎಂದು ನಕ್ಕಳು. ಹರಿದಾಸರೂ ನಕ್ಕರು.

ಒಂದು ಪೊಂಗಲ್ ರಜೆಯಲ್ಲಿ ಮತ್ತೆ ಅದೇ ದಾರಿ. ಹುಣಸೆಮರಗಳು ಬಂದವು, ಆ ಚಹಾ ಅಂಗಡಿ ಬಂತು. ಮುಂದಿನ ವಾಹನಗಳು ನಿಧಾನವಾಗಿದ್ದರಿಂದ ಗಾಡಿ ತೆವಳುತ್ತಿತ್ತು. ಕಿಟಕಿಯಲ್ಲಿ ಮುಖ ಗುರುತಿಸಿದ ಅಂಗಡಿಯವಳು ಜಾಲರಿ ಸೌಟು ಎತ್ತಿ ಕೂಗಿದಳು. "ಅಮ್ಮಾ, ಬಿಸಿ ಇದೆ, ಬನ್ನಿ!"

"ಯಾರವಳು?" ಎಂದರು ಹರಿದಾಸರು.

"ಯಾರೋ. ವ್ಯಾಪಾರಕ್ಕೆ ಎಲ್ಲರನ್ನೂ ಕರೀತಾಳೆ," ಎಂದಳು ರಮಾಬಾಯಿ.

ಸುಘೋಷ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವಳು ಅಂಗಡಿಯನ್ನು ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಅಂದು ತಾನು ನೋಡಿದ್ದೂ ಸೇರಿ ಅವಳಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಅನ್ನಿಸಿತು. ಬ್ರೇಕು ಕಾಲಿನ ಕೆಳಗೇ ಇತ್ತು. ಮುಂದಿನ ಲಾರಿ ಕದಲಿತು. ಅವನು ಗೇರು ಬದಲಿಸಿದ.

ಇವತ್ತು ಒಲೆ ಹಚ್ಚಬೇಡ ಅಮ್ಮ, ಇಳಿದು ಬಜ್ಜಿ ತಿನ್ನೋಣ ಬಾ ಎಂದು ಅವನು ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.