ನಿಧಾನಕ್ಕ ಬಸ್ಸು ನಿಲ್ಲಿಸಿದಳು

ಹತ್ತಿದವರೆಲ್ಲ ಕೂರುವವರೆಗೆ, ಕೂರಲು ಜಾಗ ಸಿಗದವರು ಕಂಬಿಯನ್ನೋ ಸೀಟಿನ ಅಂಚನ್ನೋ ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ, ಆಕೆ ಬಸ್ಸನ್ನು ಕದಲಿಸುತ್ತಿರಲಿಲ್ಲ. ಹಿಂದಿನ ವಾಹನಗಳು ಎಷ್ಟೇ ಹಾರನ್ ಬಾರಿಸಲಿ, ಕಂಡಕ್ಟರು ಎರಡೆರಡು ಸಲ ಸೀಟಿ ಊದಲಿ, ತಲೆಯ ಮೇಲಿನ ಉದ್ದನೆಯ ಕನ್ನಡಿಯಲ್ಲಿ ಒಬ್ಬೊಬ್ಬರನ್ನೇ ನೋಡಿ, "ಅಜ್ಜ, ಸೀಟು ಸಿಕ್ತಾ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಗೇರು ಹಾಕುವಳು. ಈ ಹಟಕ್ಕೆ ಡಿಪೋದವರು ಕೊಟ್ಟ ಹೆಸರು ನಿಧಾನಕ್ಕ. ಅಣಕವೆಂದು ಗೊತ್ತಿದ್ದೂ ಆಕೆ ಅದನ್ನು ಬಿರುದಿನಂತೆ ಧರಿಸಿದಳು.

ಅವಳ ಬಸ್ಸಿನ ಕೊನೆಯ ನಿಲ್ದಾಣದ ಪಕ್ಕದಲ್ಲೇ ನಾನು ಕೆಲಸ ಮಾಡುತ್ತಿದ್ದ ನ್ಯಾಯಾಲಯದ ಗ್ರಂಥಾಲಯ. ಹನ್ನೊಂದು ವರ್ಷ ಅವಳ ಬೆನ್ನ ಹಿಂದಿನ ಒಂಟಿ ಸೀಟಿನಲ್ಲಿ ಕುಳಿತು ಹೋಗಿದ್ದೇನೆ. ಕೊನೆಯ ನಿಲ್ದಾಣದಲ್ಲಿ ಬಸ್ಸು ಹನ್ನೆರಡು ನಿಮಿಷ ನಿಲ್ಲುತ್ತಿತ್ತು. ನಮ್ಮ ಗೆಳೆತನಕ್ಕೆ ಒದಗಿದ ಕಾಲವೆಲ್ಲ ಆ ಹನ್ನೆರಡು ನಿಮಿಷಗಳೇ. ಗಂಡಸರ ಅಳತೆಗೆ ಹೊಲಿದ ಡಿಪೋದ ಕಡುನೀಲಿ ಕೋಟು ಅವಳಿಗೆ ಮಂಡಿಯವರೆಗೆ ಬರುತ್ತಿತ್ತು. ತೋಳನ್ನು ಎರಡು ಮಡಿಕೆ ಮಡಚಿ, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಗಿಡ್ಡ ಕಾಲುಗಳಲ್ಲಿ ದಾಪುಗಾಲು ಹಾಕುತ್ತಾ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಪ್ರತಿಯೊಂದು ಟೈರನ್ನೂ ಹಿಮ್ಮಡಿಯಿಂದ ಗುದ್ದಿ ನೋಡಿದ ಮೇಲೆಯೇ ಮಾತಿಗೆ ಬರುವಳು.

ಕೊರೆಯುವ ಚಳಿಯ ಒಂದು ಬೆಳಗ್ಗೆ ಆ ಕೋಟು ಸೀಟಿನ ಹಿಂದೆ ನೇತಾಡುತ್ತಿತ್ತು. ಕಿಟಕಿ ತೆರೆದಿತ್ತು, ಅವಳ ಕತ್ತಿನಿಂದ ಬೆವರು ಇಳಿಯುತ್ತಿತ್ತು. "ಇಂಜಿನ್ ಬಿಸಿ ಅಕ್ಕ" ಎಂದಳು. ನಾನು ನಂಬಿದೆ. ಅವಳಿಗಾಗ ಮೂವತ್ತೇಳು.

ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಮದುವೆಯಾಗಿ ಒಂಬತ್ತು ವರ್ಷಗಳಿಂದ ಅವಳೂ, ಲಿಫ್ಟ್ ಮೆಕ್ಯಾನಿಕ್ ಆದ ಅವಳ ಗಂಡನೂ ಕಾದಿದ್ದ ಸುದ್ದಿ ಇದೇ ಇರಬೇಕೆಂದು ಭಾವಿಸಿ ಆಸ್ಪತ್ರೆಗೆ ಹೋದರು. ವೈದ್ಯೆ ತಿಂಗಳ ಅಂತರದಲ್ಲಿ ಎರಡು ಸಲ ರಕ್ತಪರೀಕ್ಷೆ ಮಾಡಿಸಿದರು.

"ಮಗು ಅಂದ್ಕೊಂಡು ಹೋಗಿದ್ದೆ ಅಕ್ಕ. ಅಂಗಡಿ ಬಾಗಿಲು ಹಾಕಿದೆ ಅಂದ್ರು" ಎಂದು ಅವಳು ನಗೆಯಾಡಿದಳು. ಆಮೇಲೆ, ಆಗಷ್ಟೇ ನೋಡಿ ಬಂದಿದ್ದ ಟೈರುಗಳನ್ನು ಮತ್ತೊಮ್ಮೆ ಗುದ್ದಲು ಹೋದಳು.

ಅವಳ ತಾಯಿಗೂ ಮುಟ್ಟು ಹೀಗೆಯೇ ಅಕಾಲದಲ್ಲಿ ನಿಂತಿತ್ತು. ಐವತ್ತನಾಲ್ಕರಲ್ಲಿ ಒಂದೇ ಒಂದು ಮೆಟ್ಟಿಲು ತಪ್ಪಿ ಸೊಂಟ ಮುರಿದುಕೊಂಡ ಆಕೆ ಮತ್ತೆ ಎದ್ದು ಓಡಾಡಲಿಲ್ಲ. ಅದನ್ನು ಕೇಳಿದ ವೈದ್ಯೆ, ಮೂಳೆಗೂ ಹೃದಯಕ್ಕೂ ಆಸರೆಯಾಗಿ, ದೇಹ ತಯಾರಿಸುವುದನ್ನು ನಿಲ್ಲಿಸಿದ ಹಾರ್ಮೋನನ್ನು ಐವತ್ತರವರೆಗಾದರೂ ಮಾತ್ರೆಯಾಗಿ ನುಂಗಬೇಕೆಂದರು. ಚಳಿಯಲ್ಲೂ ಬೆವರಿಸುತ್ತಿದ್ದ ಮೈಯ ಬೆಂಕಿ ಕೆಲವೇ ವಾರಗಳಲ್ಲಿ ಆರಿತು. ಆದರೆ ಅದರ ಜಾಗಕ್ಕೆ ಬೇರೆ ಬೇರೆ ಸಂಕಟಗಳು ಬಂದು ಕುಳಿತವು. ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಎದೆ ಎಷ್ಟು ನೋಯುತ್ತಿತ್ತೆಂದರೆ ರಸ್ತೆಯ ಉಬ್ಬು ಹತ್ತಿರವಾದಾಗಲೆಲ್ಲ ಎಡಗೈಯನ್ನು ಎದೆಗೆ ಅಡ್ಡ ಹಿಡಿಯುತ್ತಿದ್ದಳು. ಪಾದ ಊದಿ ಬೂಟಿನೊಳಗೆ ಹೋಗದು. ಹೇಳದೆ ಕೇಳದೆ ರಕ್ತ ಕಾಣಿಸಿಕೊಳ್ಳುವುದು. ಎಲ್ಲಕ್ಕಿಂತ ಕಠಿಣವಾದದ್ದು, ಗರ್ಭಕೋಶದ ರಕ್ಷಣೆಗೆಂದು ಜೊತೆಗೆ ಕೊಟ್ಟಿದ್ದ ಎರಡನೆಯ ಬಗೆಯ ಮಾತ್ರೆಯನ್ನು ಪ್ರತಿ ತಿಂಗಳೂ ನುಂಗಬೇಕಾದ ಹನ್ನೆರಡು ದಿನ. ಆಗ ಅವಳ ಮೇಲೆ ಕಾರಣವಿಲ್ಲದ ವಿಷಾದವೊಂದು ಇಳಿಯುತ್ತಿತ್ತು. ಅಂಥದೊಂದು ದಿನ, ಸೀಟು ಹುಡುಕುತ್ತ ತಡವರಿಸುತ್ತಿದ್ದ ಮುದುಕನೊಬ್ಬನ ಮೇಲೆ ಕಿರುಚಿಬಿಟ್ಟಳು. ಕೊನೆಯ ನಿಲ್ದಾಣದಲ್ಲಿ ಕೆಳಗಿಳಿಯಲೇ ಇಲ್ಲ.

"ಆ ಅಜ್ಜನ ಹತ್ರ ಹಾಗೆ ಮಾತಾಡಿದ್ದು ನಾನಾ, ಮಾತ್ರೆನಾ? ಗೊತ್ತಾಗ್ತಿಲ್ಲ ಅಕ್ಕ" ಎಂದಳು.

ಮೂರು ತಿಂಗಳು ತಾಳಿಕೊಂಡರೆ ದೇಹ ಒಗ್ಗುತ್ತದೆಂದು ವೈದ್ಯೆ ಹೇಳಿದ್ದರು, ಅವಳು ತಾಳಿಕೊಂಡಳು. ಆ ನಡುವೆ ಶುರುವಾದ ತಲೆಶೂಲೆಯನ್ನೂ ಆ ಲೆಕ್ಕಕ್ಕೇ ಸೇರಿಸಿ ಯಾರಿಗೂ ಹೇಳಲಿಲ್ಲ.

ಒಂದು ಬುಧವಾರ ಸೇತುವೆಯ ಇಳಿಜಾರಿನಲ್ಲಿ, ಕಾಲಿಡಲೂ ಜಾಗವಿಲ್ಲದಷ್ಟು ತುಂಬಿದ್ದ ಬಸ್ಸು ಇದ್ದಕ್ಕಿದ್ದಂತೆ ವೇಗ ಇಳಿಸಿ ರಸ್ತೆಯ ಬದಿಗೆ ಸರಿಯಿತು. ಅವಳು ಕೈಬ್ರೇಕು ಎಳೆದು, ಇಂಜಿನ್ ಆರಿಸಿ, ಕೀ ತೆಗೆದು ಕಂಡಕ್ಟರನ ಅಂಗೈಯಲ್ಲಿಟ್ಟು, ಎದ್ದು ಹಿಂದಕ್ಕೆ ತಿರುಗಿ ನಿಂತಳು.

"ಬಸ್ಸು ಚೆನ್ನಾಗಿದೆ. ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಇನ್ನು ಓಡಿಸಲ್ಲ. ಹಿಂದೆ ಇನ್ನೊಂದು ಬಸ್ಸು ಬರುತ್ತೆ, ನೋಡ್ಕೊಂಡು ಇಳೀರಿ."

ಎಡಭಾಗದ ರಸ್ತೆ ಮಿನುಗುವ ಅಂಕುಡೊಂಕು ಗೆರೆಗಳ ಹಿಂದೆ ಮಾಯವಾಗಿತ್ತೆಂದು ಆಮೇಲೆ ಹೇಳಿದಳು. "ಹೆಂಗಸರ ಕೈಗೆ ಬಸ್ಸು ಕೊಟ್ರೆ ಇದೇ ಗತಿ" ಎಂದು ಒಬ್ಬ ಗೊಣಗುತ್ತ ಇಳಿದ. ಅವಳು ಕೊನೆಯವರು ಇಳಿಯುವವರೆಗೂ ಕಂಬಿ ಹಿಡಿದು ನಿಂತಿದ್ದು, ಆಮೇಲೆ ಮೆಟ್ಟಿಲ ಮೇಲೆ ಕುಸಿದು ವಾಂತಿ ಮಾಡಿಕೊಂಡಳು. ನಾನು ಅವಳ ಹಣೆ ಹಿಡಿದುಕೊಂಡೆ. ಹಣೆ ತಣ್ಣಗಿತ್ತು.

ಡಿಪೋದ ಮ್ಯಾನೇಜರು ಕೆಟ್ಟವರಲ್ಲ. ವರದಿಯ ಹಾಳೆಯನ್ನು ಅವಳತ್ತ ಸರಿಸಿ, "ಬರೀ ತಲೆನೋವು ಅಂತ ಬರೀಮ್ಮ. ಮೂರು ದಿನ ರಜೆ ಹಾಕಿ ಬಾ. ಮಿಕ್ಕಿದ್ದೆಲ್ಲ ಕಾಗದದ ಮೇಲೆ ಯಾಕೆ?" ಎಂದರು.

"ಬರೀ ತಲೆನೋವು ಅಂತ ಬರೆದ್ರೆ ನಾಲ್ಕನೇ ದಿನ ನನ್ನ ಕೈಗೆ ಕೀ ಕೊಡ್ತೀರಿ ಸಾರ್. ಹಿಂದೆ ಅರವತ್ತು ಜನ ಕೂತಿರ್ತಾರೆ."

ಅಕಾಲ ಋತುಬಂಧ, ಅದರ ಔಷಧದ ಅಡ್ಡಪರಿಣಾಮ, ದೃಷ್ಟಿ ಮಸುಕು: ದಪ್ಪ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದಳು. ಕಾಗದ ಐದು ಮೇಜು ದಾಟುವಷ್ಟರಲ್ಲಿ ಇಡೀ ಡಿಪೋಗೆ ಗೊತ್ತಾಯಿತು. ಅವಳನ್ನು ಸ್ಟೀರಿಂಗಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ವಸ್ತುಗಳ ಕೋಣೆಗೆ ಹಾಕಿದರು. ಕೊಡೆಗಳು, ಒಂಟಿ ಚಪ್ಪಲಿಗಳು, ಒಂದು ಪಿಟೀಲು, ಒಂದು ಹಲ್ಲುಸೆಟ್ಟು. ನಾನು ಹೋದ ದಿನ ಹೆಬ್ಬೆರಳಿನಷ್ಟು ಗಾತ್ರದ ಕಾಲುಚೀಲವೊಂದಕ್ಕೆ ಚೀಟಿ ಕಟ್ಟುತ್ತಿದ್ದಳು. "ಇಲ್ಲಿ ಎಲ್ಲಾ ಸಿಗುತ್ತೆ ಅಕ್ಕ" ಎಂದು ಚೀಟಿಯ ಗಂಟನ್ನು ಬಿಗಿದಳು.

ಆ ಕೋಣೆಯಲ್ಲೇ ಅವಳು ಮಾತ್ರೆಗಳನ್ನು ಬಿಟ್ಟಳು. ಎರಡೇ ವಾರಕ್ಕೆ ಮೈಯ ಬೆಂಕಿ ಮರಳಿತು, ನಿದ್ದೆ ಹೋಯಿತು, ಕೀಲುಗಳು ಹಿಡಿದುಕೊಂಡವು. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನಿಸುವ ಗಂಡ ಒಂದು ದಿನ ಅರ್ಧ ರಜೆ ಹಾಕಿ ಬಂದು, "ಬಿಟ್ಟಿದ್ದು ಸರಿ ಇರಬಹುದು. ಡಾಕ್ಟ್ರಿಗೆ ಹೇಳದೆ ಬಿಟ್ಟಿದ್ದು ಸರಿಯಲ್ಲ. ನಡಿ" ಎಂದ.

"ಕಣ್ಣು ಮಸುಕಾಗೋವಷ್ಟು ತಲೆನೋವು ಅಂತ ಆಗಲೇ ಯಾಕೆ ಹೇಳಲಿಲ್ಲ?" ಎಂದು ವೈದ್ಯೆ ಕೇಳಿದರು.

"ಮೂರು ತಿಂಗಳು ತಾಳ್ಕೋ ಅಂದಿದ್ರಿ."

ವೈದ್ಯೆ "ಏನಾದ್ರೆ ತಾಳ್ಕೋಬಾರದು ಅಂತಲೂ ನಾನು ಹೇಳಬೇಕಿತ್ತು" ಎಂದು ಒಪ್ಪಿಕೊಂಡು, ಮಾತ್ರೆಯ ಬದಲು ಅದೇ ಹಾರ್ಮೋನನ್ನು ಮೈಗಿಳಿಸುವ, ಚರ್ಮಕ್ಕೆ ಅಂಟಿಸುವ ಪಟ್ಟಿ ಬರೆದುಕೊಟ್ಟರು. ಮೊದಲ ಪಟ್ಟಿ ಸೊಂಟದ ಮೇಲೆ ಕೆಂಪು ಚೌಕಗಳನ್ನು ಮೂಡಿಸಿ ತುರಿಸಿತು. ಬೇರೊಂದು ಬಗೆಯ ಪಟ್ಟಿ ಒಗ್ಗಿತು. ಹನ್ನೆರಡು ದಿನ ನುಂಗುವ ಮಾತ್ರೆಯೂ ಬದಲಾಯಿತು. ಕಣ್ಣೆದುರಿನ ಗೆರೆಗಳು ಮತ್ತೆ ಬರಲಿಲ್ಲ. ಎದೆನೋವು ತಗ್ಗಿತು. ಆ ಹನ್ನೆರಡು ದಿನಗಳ ವಿಷಾದ ಮಾತ್ರ ತೆಳುವಾಯಿತೇ ಹೊರತು ತೊಲಗಲಿಲ್ಲ. "ಮಂಗಳವಾರದಿಂದ ನಾನು ಸ್ವಲ್ಪ ಮೋಡ ಅಕ್ಕ" ಎಂದು ಮುಂಚೆಯೇ ತಿಳಿಸುವುದನ್ನು ಕಲಿತಳು.

ಈ ನಡುವೆ, ಎಂದೂ ಕಳೆದುಹೋಗಿರದ ಕೊಡೆಗಳನ್ನು ಹುಡುಕಿಕೊಂಡು ಹೆಂಗಸರು ಆ ಕೋಣೆಗೆ ಬರತೊಡಗಿದ್ದರು: ಇಬ್ಬರು ಕಂಡಕ್ಟರುಗಳು, ಟಿಕೆಟ್ ವಿಭಾಗದ ಗುಮಾಸ್ತೆ, ಒಮ್ಮೆ ಮ್ಯಾನೇಜರ ಹೆಂಡತಿ. ಅವಳು ಯಾರಿಗೂ ಔಷಧ ಹೇಳಲಿಲ್ಲ. "ನಂಗೆ ಹೀಗಾಯ್ತು. ನಿಮಗೂ ಹಾಗೇ ಆಗಬೇಕಂತಿಲ್ಲ. ಡಾಕ್ಟ್ರ ಹತ್ರ ಮಾತ್ರ ಏನೂ ಮುಚ್ಚಿಡಬೇಡಿ" ಎನ್ನುತ್ತಿದ್ದಳು. ಎಂಟನೆಯ ತಿಂಗಳು, ಎರಡು ತಪಾಸಣೆಗಳನ್ನು ದಾಟಿದ ಮೇಲೆ, ಅವಳಿಗೆ ಬಸ್ಸು ಮರಳಿ ಸಿಕ್ಕಿತು.

ನೋವನ್ನು ನಾವು ಬಹುಮಟ್ಟಿಗೆ ಒಂದೋ ಬಚ್ಚಿಡುತ್ತೇವೆ, ಇಲ್ಲವೇ ಮೆರೆಸುತ್ತೇವೆ. ತನ್ನ ದೇಹದ ಸುದ್ದಿಯನ್ನು ಸಂಕೋಚವಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ, ಹೇಳಲೇಬೇಕಾದ ಕಡೆ ಹೇಳಿ, ಅದಕ್ಕೆ ತೆರಬೇಕಾದ ಬೆಲೆಯನ್ನು ತೆತ್ತು ಸುಮ್ಮನಾಗುವವರು ವಿರಳ. ಅಂಥವರ ಪಾಲಿಗೆ ಪೂರ್ಣವಾದ ಗೆಲುವು ಬರುವುದಿಲ್ಲ. ಸಹಿಸಬಹುದಾದಷ್ಟಕ್ಕೆ ಇಳಿದ ಸಂಕಟ, ಮರಳಿ ದೊರೆತ ಕೆಲಸ, ಇಷ್ಟೇ. ಅವರನ್ನು ನಂಬಿ ದಿನವೂ ಸಾಗುವ ನಮಗೋ, ಯಾರ ಪ್ರಾಮಾಣಿಕತೆಯಿಂದ ಕ್ಷೇಮವಾಗಿ ಮನೆ ಸೇರಿದೆವೆಂಬುದು ತಿಳಿಯುವುದೇ ಅಪರೂಪ.