ಹಸಿರು ಬಳೆಗೆ ಚಾಚಿದ ಕೈ

ಮುಡಬಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಬಸವಕಲ್ಯಾಣ ಹತ್ತಿರವಿರುವಾಗ ಈ ಸುಮನಬಾಯಿ ಹುಮನಾಬಾದಿಗೆ ಹೋಗಿ ಬಳೆ ಅಂಗಡಿ ಯಾಕೆ ಹಾಕಿದಳು? ಕುರಿ ಕಾಯುವ ಮನೆಯವಳಿಗೆ ಬಳೆಯ ಉಸಾಬರಿ ಯಾಕೆ? ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ನಾನೇ ನಮ್ಮ ಸಂಘದ ಹೆಂಗಸರಿಗೆ ಹೇಳಿದ್ದೆ. ಚಪ್ಪಾಳೆಯನ್ನೂ ತಟ್ಟಿದರು. ಶುದ್ಧ ಸುಳ್ಳು.

ನನ್ನ ಮಗಳು ಪೂನಂ ಬೇರೆ ಜಾತಿಯವನನ್ನು ಮದುವೆಯಾಗಿ ಹುಮನಾಬಾದಿನಲ್ಲಿದ್ದಾಳೆ. "ಆಕಿ ಹೊಸ್ತಿಲಾ ತುಳಿದಿ ಅಂದ್ರ ನನ್ನ ಹೆಣಾ ನೋಡ್ತಿ" ಎಂದು ನನ್ನ ಗಂಡ ಆಣೆ ಹಾಕಿದ. ಗಂಡಸರಿಗೆ ಹೊಸ್ತಿಲು ಬಿಟ್ಟು ಬೇರೇನು ಗೊತ್ತು? ಆ ಆಣೆಯಲ್ಲಿ ಅಂಗಡಿಯ ಹೆಸರನ್ನು ಅವನು ಎತ್ತಿರಲಿಲ್ಲ. ಬಳೆ ತೊಡಿಸುವವಳು ಯಾರ ಮಗಳ ಕೈಯನ್ನಾದರೂ ಹಿಡಿಯಬಹುದು, ಕೇಳುವವರಿಲ್ಲ.

ಬಸವಕಲ್ಯಾಣದಲ್ಲಿ ಮುನ್ನಿ ಬೀ ಹತ್ತಿರ ಕೂತು ಬಳೆಯ ಕೆಲಸ ಕಲಿತೆ. ಗಾಜು ಚುಚ್ಚದ ಹಾಗೆ ಕೈಯನ್ನು ಹೇಗೆ ಒತ್ತಬೇಕೆಂದು ಅವಳೇ ತೋರಿಸಿಕೊಟ್ಟಳು. ನಿಜ ಹೇಳಿದ್ದು ಅವಳೊಬ್ಬಳಿಗೇ.

"ದುಕಾನ ಹಾಕಾಕ ಇದು ಸರಿ ಕಾರಣ ಅಲ್ಲ ಸುಮನ. ಆಕಿ ಬರ್ಲಿಲ್ಲಂದ್ರ ಏನ್ ಮಾಡ್ತಿ?" ಎಂದಳು.

ಬಂದೇ ಬರುತ್ತಾಳೆ ಎಂದೆ.

ಬಂದಳು. ಏಳು ತಿಂಗಳ ಬಸುರಿ, ಸೀಮಂತದ ಹೊತ್ತು. ಜೊತೆಯಲ್ಲಿ ಅತ್ತೆ.

"ಕುಬಸದ ಹಸರ ಬಳಿ ಹಾಕ್ರಿ. ತವರಿನವ್ರು ಹಾಕಬೇಕಿತ್ತು, ಇಕಿಗಿ ತವರೇ ಇಲ್ಲ ನೋಡ್ರಿ" ಎಂದಳು ಅತ್ತೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಪೂನಂ ಮಾತ್ರ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

ಕೈ ಊದಿಕೊಂಡಿತ್ತು. ಅಂಗೈ ಬಿಸಿಯಾಗಿತ್ತು. ನಾನಿದ್ದೀನವ್ವಾ ಎನ್ನಬೇಕೆಂದುಕೊಂಡು ಬಳೆಯ ಅಳತೆ ಕೇಳಿದೆ. ಒಂದೊಂದು ಬಳೆ ಏರಿಸಲೂ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಅಷ್ಟು ಸುಖ ನನಗೆ ವರ್ಷಗಟ್ಟಲೆ ಸಿಕ್ಕಿರಲಿಲ್ಲ.

ಬಳೆ ತೊಟ್ಟವರು ತೊಡಿಸಿದವಳಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ರೂಢಿ. ಅವಳೂ ಎಲ್ಲ ಗಿರಾಕಿಗಳ ಹಾಗೆ ಬಾಗಿ ನನ್ನ ಕಾಲು ಮುಟ್ಟಿದಳು. ತಲೆ ಮೇಲೆ ಕೈ ಇಡಬೇಕು ಅನ್ನುವಷ್ಟರಲ್ಲಿ ಎದ್ದುಬಿಟ್ಟಳು.

ಮೆಟ್ಟಿಲಿಳಿಯುತ್ತ ಅವಳು ಅತ್ತೆಗೆ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

"ಮುಂದಿನ ಸಲ ಬ್ಯಾರೆ ಅಂಗಡಿಗಿ ಹೋಗೂಣ್ರಿ ಅತ್ತಿ. ಇಕಿ ಭಾಳ ಹೊತ್ತ ಕೈ ಹಿಡೀತಾಳ."

ಅವರ ಹಿಂದೆಯೇ ಇನ್ನೊಬ್ಬಳು ಬಂದು ಕೂತು ಕೈ ಮುಂದೆ ಮಾಡಿದಳು. ಯಾರ ಮಗಳೋ ಏನೋ. ಹಿಡಿಯಲು ನನ್ನಿಂದಾಗಲಿಲ್ಲ.