ಗೋಡೆಗೇರಿದ ನೇಗಿಲು

"ಪಂಚೆ ಬಿಚ್ಚಲಾ, ಬೋಳಿಮಗ್ನೆ! ಹಳೇ ಕಾಲ್ದಾಗೆ ಉಳೋನು ಪಂಚೆ ಉಟ್ಕಂಡು ಉಳ್ತಿದ್ನೇನ್ಲಾ? ಲಂಗೋಟೀಲಿ ನಿಂತ್ಕೊ."

ತನ್ನ ಮನೆಯಂಗಳಕ್ಕೆ ಕರೆಸಿಕೊಂಡ ಅಪ್ಪಯ್ಯಣ್ಣ ಗದರಿದ್ದಕ್ಕೆ ಆವಲಪ್ಪ ಒಗೆದ ಪಂಚೆಯನ್ನು ಬಿಚ್ಚಿ ಜಗುಲಿಯ ಕೆಳಗಿಟ್ಟ. ಸರ್ಕಾರದವರು ಜಮೀನು ನೋಡಲು ಬರುವ ದಿನವೆಂದು ಅದನ್ನು ಉಟ್ಟಿದ್ದ. ರಾಜಘಟ್ಟದ ರಸ್ತೆಯಾಚೆಯ ಎರಡೆಕರೆ ಇದ್ದದ್ದು ಅಪ್ಪಯ್ಯಣ್ಣನ ಹೆಸರಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಗೇಣಿಗೆ ಉತ್ತವನು ಆವಲಪ್ಪ. ಎಪ್ಪತ್ತೈದರ ಮುಂಗಾರು ಅದು, ಗೇಣಿದಾರರಿಗೆ ಹೊಸ ಕಾನೂನು ಬಂದಿತ್ತು. ಉಳುವವನು ತಾನೇ ಎಂದು ಇವತ್ತು ತೋರಿಸಿಬಿಟ್ಟರೆ ಭೂಮಿ ಅವನದು.

ತೋರಿಸುವುದಕ್ಕೆ ಮನೆಯಲ್ಲಿ ಏನಿತ್ತು, ಮಣ್ಣಂಗಟ್ಟಿ! ಹದಿನೈದು ದಿನದ ಹಿಂದೆ ಅಪ್ಪಯ್ಯಣ್ಣ ತಾನಾಗಿಯೇ ಕೇರಿಗೆ ಬಂದಿದ್ದ. "ಏನಪ್ಪಾ ಆವಲಪ್ಪ, ನಮ್ಮ ತೊಟ್ಟಿಮನೇಲಿ ಬೇಸಾಯದ ಮ್ಯೂಸಿಯಂ ಮಾಡ್ತಾ ಇವ್ನಿ ಕಣೋ. ಬೆಂಗ್ಳೂರಿಂದ ಇಸ್ಕೂಲ್ ಮಕ್ಳು ಬತ್ತವೆ. ನಿನ್ ನೇಗ್ಲು, ನೊಗ, ಕೂರಿಗೆ ಕೊಡು. ನಿನ್ ಹೆಸ್ರೇ ಬರಿಸ್ತೀನಿ" ಅಂದ. ಹೆಸರು ಅಂದದ್ದೇ ತಡ, ಆವಲಪ್ಪ ಉಬ್ಬಿಹೋದ. ಹೆಂಡತಿ ಸಪ್ಪಲಮ್ಮ ಬೇಡ ಬೇಡ ಅಂದರೂ ಕೇಳದೆ, ದಡ್ಡ, ಎಲ್ಲಕ್ಕೂ ಹೊಂಗೆ ಎಣ್ಣೆ ಬಳಿದು ತಾನೇ ಹೊತ್ತು ತಂದು ಕೊಟ್ಟ. ಅಪ್ಪಯ್ಯಣ್ಣ ಸಾಮಾನನ್ನು ಹೊಸಿಲಾಚೆ ಇಳಿಸಿಕೊಂಡು, ಸಗಣಿ ನೀರು ಚಿಮುಕಿಸಿ ಒಳಗೆ ಸಾಗಿಸಿದ. ಆವಲಪ್ಪ ಅಂಗಳದಲ್ಲೇ ನಿಂತು ನೋಡಿದ.

ಇವತ್ತು ಬಸ್ಸಿಳಿದ ಮಕ್ಕಳಿಗೆ ಟೀಚರಮ್ಮ ಬಾಗಿಲೊಳಗಿನ ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದಿ ಹೇಳಿದಳು: "ಅಪ್ಪಯ್ಯಣ್ಣನವರ ಪೂರ್ವಜರು ಬಳಸುತ್ತಿದ್ದ ಉಪಕರಣಗಳು."

ಅಂಗಳದಲ್ಲಿದ್ದ ಆವಲಪ್ಪ ಮುಂದೆ ಬಂದ. "ಅದು ನಂದು ತಾಯಿ! ಜಾಲಿಮರ ಕಡ್ದು ನಾನೇ ಕೆತ್ತಿದ್ದು..."

"ಮುಚ್ಚಲಾ ಬಾಯಿ!" ಎಂದ ಅಪ್ಪಯ್ಯಣ್ಣ ಟೀಚರಮ್ಮನ ಕಡೆ ತಿರುಗಿ ಹಲ್ಲು ಕಿರಿದ. "ಕೂಲಿಯೋನು ಮೇಡಂ. ಹಳೇ ಕಾಲ್ದೋರು ಹೆಂಗಿದ್ರು ಅಂತ ತೋರ್ಸಕ್ಕೆ ನಿಲ್ಸಿವ್ನಿ. ಮಕ್ಳು ನೋಡ್ಲಿ, ಮುಟ್ಟೋದು ಬ್ಯಾಡ."

ಒಬ್ಬಳು ಹುಡುಗಿ ಆವಲಪ್ಪನ ಒಡೆದ ಹಿಮ್ಮಡಿಯ ಚಿತ್ರವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ಜೀಪು ಬಂತು. ಹಿಂದೆಯೇ ಸಪ್ಪಲಮ್ಮ ಏದುಸಿರು ಬಿಡುತ್ತಾ ಓಡಿಬಂದಳು. ಇಳಿದವನು ತನಿಖೆಯ ಅಧಿಕಾರಿ ರಾಮಾಂಜಿನಪ್ಪ.

"ನಿನ್ ಮನೆ ನೋಡ್ಕೊಂಡೇ ಬಂದೆ ಕಣಯ್ಯ. ಒಂದು ಕುಡುಗೋಲು ಬಿಟ್ರೆ ಏನೂ ಇಲ್ಲ. ಇಪ್ಪತ್ತೆರಡು ವರ್ಷ ಉಗುರಲ್ಲಿ ಉತ್ತೇನೋ?"

"ಅಗಾ ಸ್ವಾಮಿ, ಗೋಡೆ ಮ್ಯಾಲೈತೆ! ಅದೇ ನಂದು!"

ರಾಮಾಂಜಿನಪ್ಪ ಬೋರ್ಡು ಓದಿ ನಕ್ಕ. ಅಪ್ಪಯ್ಯಣ್ಣ ಕೊಟ್ಟ ಕಾಫಿ ಕುಡಿದು, ಫೈಲು ಬಿಚ್ಚಿ, ಬರೆಯುತ್ತಲೇ ಓದಿ ಹೇಳಿದ: "ಉಳುಮೆ ಸಾಮಾನು ಇಲ್ಲ. ಅರ್ಜಿದಾರ ಬರೀ ಕೂಲಿ."

ಆವಲಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂರು ತಲೆಮಾರಿನಲ್ಲಿ ತನ್ನ ಕೇರಿಯ ಯಾರೂ ದಾಟದ ಹೊಸಿಲನ್ನು ದಾಟಿ ಒಳಗೆ ನುಗ್ಗಿದ. ನೇಗಿಲನ್ನು ಕಿತ್ತು ಹೆಗಲಿಗೇರಿಸಿದ, ನೊಗವನ್ನು ಹೊರಗೆಳೆದ.

"ಕಳ್ ಸೂಳೇಮಗ! ಮನೆ ಮೈಲಿಗೆ ಮಾಡ್ಬುಟ್ಟ! ಬಡೀರ್ಲಾ ಅವನ್ನ!" ಅಪ್ಪಯ್ಯಣ್ಣ ಆಳುಗಳನ್ನು ಕೂಗಿದ.

ಅವರು ಬರುವಷ್ಟರಲ್ಲಿ ಗಂಡ ಹೆಂಡತಿ ರಸ್ತೆ ದಾಟಿ ತಮ್ಮ ಗೇಣಿ ಹೊಲಕ್ಕಿಳಿದಿದ್ದರು.

"ಬಾಡ್ಗೆ ಎತ್ತು ಈಗೆಲ್ಲಿ ತರ್ಲಿ?" ಎಂದ ಆವಲಪ್ಪ.

"ನಾನಿಲ್ವಾ? ಕಟ್ಟು!" ಸಪ್ಪಲಮ್ಮ ನೊಗವನ್ನು ಹೆಗಲಿಗಿಟ್ಟುಕೊಂಡು ಬಗ್ಗಿದಳು. ಮಳೆಗೆ ನೆನೆದಿದ್ದ ಮಣ್ಣಿನಲ್ಲಿ ನೇಗಿಲ ಗುಳ ಇಳಿಯಿತು. ಒಂದು ಮಾರು, ಎರಡು ಮಾರು.

"ಸ್ವಾಮೀ, ಬಂದು ನೋಡಿ! ಯಾರು ಉಳ್ತಾವ್ರೆ ಅಂತ ಬರ್ಕಳಿ!" ಆವಲಪ್ಪ ಕೂಗಿದ.

ರಾಮಾಂಜಿನಪ್ಪ ಪೆನ್ನಿನ ಮುಚ್ಚಳ ಹಾಕಿ ಜೀಪು ಹತ್ತಿದ. ದೊಣ್ಣೆಯ ಮೊದಲ ಏಟು ಆವಲಪ್ಪನ ಬೆನ್ನಿಗೆ ಬಿತ್ತು. ಅವನು ಹಿಡಿದ ನೇಗಿಲ ಮೇಣಿಯನ್ನು ಬಿಡಲಿಲ್ಲ. ಬದುವಿನ ಮೇಲೆ ಸಾಲಾಗಿ ಬಂದು ನಿಂತಿದ್ದ ಮಕ್ಕಳು, ಇದೂ ಹಳೇ ಕಾಲದ್ದನ್ನು ತೋರಿಸುತ್ತಿರುವುದೆಂದುಕೊಂಡು, ಚಪ್ಪಾಳೆ ತಟ್ಟಿದರು.